ಮಗಳು ಊದಿದ ಬಲೂನು

ಕೆಮಿಸ್ಟ್ರಿ ಮೇಷ್ಟ್ರು ಚೆಲುವಯ್ಯನ ಮಗಳು ತೀರ್ಕೊಂಡ್ಳು ನೋಡಿ, ಅವಳು ಕೊನೇಲಿ ಊದಿದ್ದ ಬಲೂನನ್ನ ಹೆಂಡ್ತಿ ಮನೆ ಗೋಡೇಲಿದ್ದ ಧಾತುಗಳ ಚಾರ್ಟಿನ ಮೊಳೆಗೇ ಕಟ್ಟಿಟ್ಟಿದ್ಳು.

"ಮಗಳ ಉಸಿರಿದೆ, ಯಾರೂ ಮುಟ್ಬೇಡಿ" ಅಂತಿದ್ಳು.

ಉಸಿರಲ್ಲಿರೋ ಆಕ್ಸಿಜನ್ನು, ನೈಟ್ರೋಜನ್ನು ಎಲ್ಲಾ ರಬ್ಬರಿನ ಸಂದೀಲಿ ನುಸುಳಿ ಹೋಗುತ್ತೆ ಅಂತ ಚೆಲುವಯ್ಯಂಗೆ ಗೊತ್ತು. ಬಲೂನು ಸುಕ್ಕಾದ್ರೆ ಹೆಂಡ್ತಿ ಬದುಕಲ್ಲ ಅಂತಾನೂ ಗೊತ್ತು. ಅದಕ್ಕೇ ಅವಳು ಸ್ನಾನಕ್ಕೆ ಹೋದಾಗ ದಾರ ಬಿಚ್ಚಿ ಕದ್ದು ಊದಿಡ್ತಿದ್ದ.

ಪರೀಕ್ಷೆ ಪೇಪರ್ ತಿದ್ದೋಕೆ ಬೇರೆ ಊರಿಗೆ ಹೋದವನು ವಾರ ಬಿಟ್ಟು ಹೆದರ್ಕೊಂಡೇ ಬಂದ. ನೋಡಿದ್ರೆ ಬಲೂನು ಗುಂಡುಗುಂಡಗಿತ್ತು.

"ನೀನೇ ಊದಿದ್ಯೇನೇ?"

"ನಾನ್ಯಾಕ್ರೀ ಊದ್ಲಿ, ಅವಳ ಉಸಿರು ಕಲಬೆರಕೆ ಆಗಲ್ವಾ? ನೀವು ಹೋದ ದಿನವೇ ಮನೆಗೆ ಬೀಗ ಹಾಕಿ ತವರಿಗೆ ಹೋಗಿದ್ದೆ, ಈಗ್ತಾನೆ ಬಂದೆ."

ಚೆಲುವಯ್ಯ ಬಲೂನಿನ ಬಾಯಿ ಮುಟ್ಟಿ ನೋಡಿದ, ಇನ್ನೂ ಒದ್ದೆಯಿತ್ತು.