ಗಂಜಿಯ ಫ್ಲಾಸ್ಕು

"ಅಪ್ಪ ಗಂಜಿ ಕುಡಿದರಾ?" ತಿರುವನಂತಪುರದ ಆಸ್ಪತ್ರೆಯ ವರಾಂಡದಲ್ಲಿ ಬೆಳಿಗ್ಗೆಯಿಂದ ಉಪವಾಸ ಕೂತಿದ್ದ ರಾಜೀವಿಯಮ್ಮ ಮಗನನ್ನು ಕೇಳಿದರು. ಗಂಡ ಉಣ್ಣದೆ ಅವರು ಉಂಡವರಲ್ಲ.

"ಪೂರಾ ಕುಡಿದರು. ನೀವೂ ಉಣ್ಣಬೇಕಂತೆ," ಎಂದ ದಿನಕರ.

ಅವನು ಒಳಗೆ ಹೋಗಿಯೇ ಇರಲಿಲ್ಲ. ತೀವ್ರ ನಿಗಾ ವಾರ್ಡಿಗೆ ಒಂದು ಪಾಸಿನಲ್ಲಿ ಒಬ್ಬರೇ, ಅದೂ ನಾಲ್ಕು ಗಂಟೆಗೆ ಬರೀ ಕಾಲು ಗಂಟೆ. ಅಮ್ಮನನ್ನೂ ಬಿಡಿ ಎಂದು ಕಾವಲುಗಾರನ ಅಂಗಿ ಹಿಡಿದು ಜಗಳಾಡುವಷ್ಟರಲ್ಲಿ ಹೊತ್ತು ಮುಗಿದು ಬಾಗಿಲು ಮುಚ್ಚಿತ್ತು. ಒಳಗೆ ಅಪ್ಪ ಬಾಗಿಲನ್ನೇ ನೋಡುತ್ತಿದ್ದಿರಬೇಕು.

ತೊಳೆಯಲೆಂದು ಅಮ್ಮ ಅವನ ಕೈಯಿಂದ ಫ್ಲಾಸ್ಕು ತೆಗೆದುಕೊಂಡರು. ಭಾರಕ್ಕೆ ಅವರ ಕೈ ತಗ್ಗಿತು. ಮುಚ್ಚಳ ತಿರುಗಿಸಿ, ಅದರಲ್ಲೇ ಗಂಜಿ ಬಗ್ಗಿಸಿ ಅವನ ಮುಂದೆ ಹಿಡಿದರು.

"ನೀನಾದರೂ ಕುಡಿ ಮಗಾ. ಅಷ್ಟು ಹೊತ್ತು ಕಿರುಚಿದ್ದೀ, ಗಂಟಲು ಒಣಗಿರಬಹುದು."