ನೀರಿನ ಸರದಿಗೊಂದು ಬಿಳಿ ಬಟ್ಟೆ

"ಕಿವಿ ಕೇಳಿಸದಿದ್ರೆ ಮನೇಲಿ ಕೂತ್ಕೋ. ಊರಿಗೆಲ್ಲ ಯಾಕೆ ಬಟ್ಟೆ ಬೀಸೋಕೆ ಹೇಳ್ತೀಯ?"

ಹರೀಬನ ಮಾತಿಗೆ ಚಾವಡಿಯೇ ನಕ್ಕಿತು. ಹೊಸ್ತಿಲಾಚೆ ನಿಂತಿದ್ದ ಝುವೈನಾ ಕಿವಿಯ ಹಿಂದೆ ಅಂಗೈ ಇಟ್ಟು, "ಏನಂದೆ ಮಗಾ? ಸ್ವಲ್ಪ ಜೋರಾಗಿ ಹೇಳು" ಎಂದಳು. ನಗು ಇಮ್ಮಡಿಯಾಯಿತು. ಎಲ್ಲರೂ ನಕ್ಕಾದ ಮೇಲೆ, ಮೂಲೆಯಲ್ಲಿದ್ದ ಅವಳ ಗಂಡ ಖಲ್ಫಾನನೂ ನಕ್ಕ.

ಬೆಟ್ಟದಿಂದಿಳಿವ ಕಾಲುವೆಯ ನೀರು ಹಂಚುವವನು ಖಲ್ಫಾನ್. ನೆಟ್ಟ ಕೋಲಿನ ನೆರಳು ಗೆರೆ ಮುಟ್ಟಿದಾಗ ದಿಬ್ಬದ ಮೇಲಿಂದ ಸರದಿಯವರ ಹೆಸರು ಕೂಗುತ್ತಾನೆ. ತೋಟದವರು ಓಗೊಡಬೇಕು. ಇಲ್ಲದಿದ್ದರೆ ನೀರು ಮುಂದಿನವರಿಗೆ. ಅವನ ಅಜ್ಜ, ಅಪ್ಪ ಕೂಗಿದ್ದೂ ಅದೇ ದಿಬ್ಬದಿಂದ. ಹೆಂಡತಿಯ ತೋಟವೆಂದು ಅವನು ನಿಯಮ ಸಡಿಲಿಸಿದವನಲ್ಲ. ಎಂಟು ತಿಂಗಳಿಂದ ಸರದಿ ತಪ್ಪಿ ತಪ್ಪಿ ಅವಳ ಖರ್ಜೂರದ ಗರಿಗಳು ಸುಟ್ಟಿದ್ದವು. ಇನ್ನಿಬ್ಬರ ತೋಟದವೂ ಸುಟ್ಟಿದ್ದವು. ಓಗೊಟ್ಟಿದ್ದೆವೆಂದು ಆಣೆಯಿಟ್ಟ ಅವರನ್ನು ಊರು ಸೋಮಾರಿಗಳೆಂದು ಜರೆದಿತ್ತು.

"ಕೂಗೋರೂ ಬಿಳಿ ಬಟ್ಟೆ ಎತ್ತಲಿ, ಓಗೊಡೋರೂ ಎತ್ತಲಿ. ಅಷ್ಟೇ ಯಜಮಾನ್ರೇ," ಎಂದಳು. "ಕಾಫಿ ಸಾಕು ಅನ್ನೋಕೆ ಬಟ್ಟಲು ಅಲ್ಲಾಡಿಸ್ತೀರಲ್ಲ, ಬಾಯಿ ಬಿಡ್ತೀರಾ?"

ಹಿರಿಯ ಸುಲೈಮ್ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟ. "ಕಿವುಡು ಬಂದಿರೋದು ನಿಂಗೆ ತಾಯೀ! ಮಿಕ್ಕೋರು ಯಾಕೆ ಎತ್ತಬೇಕು?"

ಅವಳು ತಡವರಿಸಿದಳು. "ಎಲ್ರೂ ಎತ್ತಿದ್ರೆ... ಕಿವುಡು ಯಾರಿಗೆ ಅಂತ ಯಾರಿಗೂ ಗೊತ್ತಾಗಲ್ಲ."

"ಊರಿಗೇ ಗೊತ್ತಲ್ಲಮ್ಮಾ!" ಎಂದ ಹರೀಬ್. ಆಮೇಲೆ ದನಿ ತಗ್ಗಿಸಿ ಪಕ್ಕದವನಿಗೆ, "ಕಿವುಡಿ ಮಗಳು ಅಂತ ತಾನೇ ಇವಳ ಮಗಳು ಶಮ್ಸಾಳ ಮದುವೆ ಸಂಬಂಧ ಮುರಿದಿದ್ದು?"

ಝುವೈನಾ ಮುಸುಕಿನ ಅಂಚು ಕಚ್ಚಿಕೊಂಡಳು.

"ಗಂಡ ಪಕ್ಕದಲ್ಲೇ ಇರ್ತಾನಲ್ಲ, ಕಿವೀಲಿ ಕೂಗ್ಲಿ ಬಿಡಿ," ಎಂದ ಇನ್ನೊಬ್ಬ.

ಸುಲೈಮ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ. "ಅಜ್ಜಂದಿರ ಕಾಲದಿಂದ ಬಾಯಲ್ಲೇ ನಡೆದಿದೆ. ಆಗಲ್ಲ, ಹೋಗು." ಅವಳಿಗೆ ಕೇಳಲೆಂದು ಕಿರುಚಿಯೇ ಹೇಳಿದ. ಬಳಿಕ ಪಕ್ಕದವನತ್ತ ಬಾಗಿ ಪಿಸುಗುಟ್ಟಿದ: "ಇನ್ನೊಂದು ಸಲ ಯಾರದೇ ಸರದಿ ತಪ್ಪಿ ಜಗಳವಾದ್ರೆ ಖಲ್ಫಾನನ್ನ ದಿಬ್ಬದಿಂದ ಇಳಿಸಿ ಬೇರೆಯವರನ್ನ ನಿಲ್ಲಿಸಿಬಿಡೋಣ. ಆ ಕೆಲಸ ಹೋದ್ರೆ ಮನುಷ್ಯ ಬದುಕಲ್ಲ, ಪಾಪ. ಆದ್ರೂ ಏನ್ ಮಾಡೋದು?"

ಬಾಗಿಲ ಚೌಕಟ್ಟು ಹಿಡಿದಿದ್ದ ಅವಳ ಬೆರಳುಗಳು ಬಿಳಿಚಿಕೊಂಡವು.

ಚಾವಡಿ ಚದುರಿತು. ಖಲ್ಫಾನ್ ಓಣಿಯ ನಡುವೆ ಮುಂದೆ ನಡೆದ, ಅವಳು ಹತ್ತು ಹೆಜ್ಜೆ ಹಿಂದೆ. ಮಣ್ಣಿನ ಗೋಡೆಗಳ ನಡುವಿನ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬೆನ್ನ ಹಿಂದೆ ಮೇವು ಹೇರಿದ ಪಿಕಪ್ ಗಾಡಿಯೊಂದು ಬಂತು. ಮೂರು ಸಲ ಹಾರ್ನ್ ಹೊಡೆಯಿತು.

ಮೊದಲನೆಯದಕ್ಕೇ ಝುವೈನಾ ಓಡಿದ್ದಳು, ಮೂರನೆಯದಕ್ಕೂ ತಿರುಗದ ಗಂಡನ ತೋಳು ಹಿಡಿದು ಗೋಡೆಗೆ ಎಳೆದುಕೊಂಡು, ಅವನಿಗೆ ಕಾಣುವಂತೆ ಮುಖವೆತ್ತಿ, ತುಟಿಗಳನ್ನು ನಿಧಾನವಾಗಿ ಆಡಿಸಿ ತಿಳಿಸಿದಳು: "ಅವರು ಒಪ್ಪಲಿಲ್ಲ."