ಉಳಿದಿದ್ದ ಒಂದು ಟೊಂಗೆ

ಯೂರಿಯಾ ಚೀಲದ ಘಾಟು ನನಗಿನ್ನೂ ನೆನಪಿದೆ. ಚಿಕ್ಕಂದಿನಲ್ಲಿ ಅಪ್ಪನ ಅಂಗಿಯ ತುಂಬ ಅದೇ ಇರುತ್ತಿತ್ತು. ಈಗ ಜಗತ್ತಿನಲ್ಲೆಲ್ಲೂ ಯೂರಿಯಾ ಇಲ್ಲ. ನಮ್ಮ ಓಣಿಯಲ್ಲಿ ಮನೆಗೊಂದು ಗೊಬ್ಬರಗಿಡವಿದೆ, ಅದರ ಬುಡದ ಜೋಳವೇ ಆ ಮನೆಯ ಊಟ. ಸತ್ತವರಿಗೂ ಅವರದೇ ಮನೆಯ ಗಿಡದ ಸೊಪ್ಪು ಹೊದಿಸಿ ಮಣ್ಣು ಮಾಡುತ್ತೇವೆ. ಆದರೆ ಒಂದು ಟೊಂಗೆಯನ್ನಾದರೂ ಬಿಡಲೇಬೇಕು. ಪೂರ್ತಿ ಬೋಳಿಸಿದರೆ ಮಣ್ಣಿಗೆ ಸಾರ ಕೊಡುವ ಬೇರಿನ ಗಂಟುಗಳು ಸಾಯುತ್ತವೆ. ಗಿಡ ಮತ್ತೆ ಚಿಗುರುವಷ್ಟರಲ್ಲಿ ಜೋಳ ಹಳದಿಯಾಗಿ ಸೊರಗಿರುತ್ತದೆ.

ಎದುರುಮನೆಯ ದ್ಯಾಮವ್ವ ಗಂಡ ಸತ್ತಾಗ ಗಿಡ ಕಡಿದು ಒಂದೇ ಟೊಂಗೆ ಉಳಿಸಿದ್ದಳು. ಅದು ಚಿಗುರುವ ಮೊದಲೇ ಅತ್ತೆಯೂ ತೀರಿಕೊಂಡಳು; ಮನೆಯಲ್ಲಿ ಉಳಿದದ್ದು ಅವಳು ಮತ್ತು ಪುಟ್ಟ ಮಗಳು.

ಕುಡುಗೋಲು ಹಿಡಿದವಳನ್ನು ಅವಳ ಪಕ್ಕದ ಮನೆಯ ಮೆಹಬೂಬಿ ತಡೆದಳು. "ಅದನ್ನ ಬಿಡವ್ವಾ, ನಮ್ಮ ಗಿಡದ ತಪ್ಪಲಾ ತಗೊಂಡ್ಹೋಗ."

"ಮಂದಿ ಮನಿ ತಪ್ಪಲಾ ಹೊಚ್ಚಿದ್ರ ನಮ್ಮತ್ತಿ ಎದ್ದು ಕುಂತು ಬೈತಾಳ," ಎಂದು ದ್ಯಾಮವ್ವ ನಕ್ಕಳು. ನಗುತ್ತಲೇ ಟೊಂಗೆ ಕಡಿದಳು.

ವಾರ ಕಳೆದ ಮೇಲೆ ಆಕೆ ಬುಡ ಕೆದರಿ ಒಂದು ಗಂಟನ್ನು ಉಗುರಿನಿಂದ ಸೀಳಿದಳು. ನಾನೂ ಬಗ್ಗಿ ನೋಡಿದೆ. ಜೀವವಿರುವ ಗಂಟಿನೊಳಗೆ ರಕ್ತದ ಕೆಂಪಿರುತ್ತದೆ. ಇದು ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಸತ್ತಾವ್ರೀ ಅಕ್ಕಾರ," ಎಂದಳು. "ಇನ್ನ ಮಗಳಿಗೆ ಉಣ್ಣಾಕ ಏನ್ ಹಾಕ್ಲಿ?"

ಗೋಡೆಯಾಚೆ ಊಟಕ್ಕೆ ಕುಳಿತಿದ್ದ ಮೆಹಬೂಬಿಗೆ ಕೇಳಿಸಿರಬೇಕು. ಅವಳು ಎದ್ದು ಬಂದು, ಇನ್ನೂ ಮುರಿಯದ ತನ್ನ ರೊಟ್ಟಿಯನ್ನು ಪಲ್ಯದ ಸಮೇತ ದ್ಯಾಮವ್ವನ ಮಣ್ಣು ಮೆತ್ತಿದ ಕೈಯಲ್ಲಿಟ್ಟು ಹೋದಳು.